ಕೇಸು ಹುಟ್ಟೋದು ಲೋಡಿಂಗ್ ಗೇಟಲ್ಲಿ, ಸಿಗಾಕ್ಕೊಳೋದು ನಂಗ್ಲಿಯಲ್ಲಿ

ಕೋಲಾರದಲ್ಲಿ ಹೋದ ಭಾನುವಾರ ಟ್ಯಾಂಕರ್ ಡ್ರೈವರ್‌ಗಳು, ಒಂದಷ್ಟು ಲಾರಿ ಓನರ್‌ಗಳು ಸೇರಿದ್ದ ಕಡೆ ಹಜಾರ್ಡಸ್, ಅಂದ್ರೆ ಅಪಾಯಕಾರಿ ಮಾಲು ಸಾಗಿಸೋರ ಮೇಲೆ ಬೀಳೋ ಕೇಸುಗಳ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ರೆಕಾರ್ಡ್ ಮಾಡ್ಕೊಂಡಿದ್ದ ಹುಡುಗ "ಸಾರ್ ನಿಮ್ಮ ಮಾತಿಗಿಂತ ಫ್ಯಾನ್ ಸದ್ದೇ ಜಾಸ್ತಿ ಬಂದಿದೆ" ಅಂದ. ಅದಕ್ಕೆ ಕೂತು ಬರ್ದಿದೀನಿ. ಮಾತಾಡಿದ ಹಂಗೇ ಇದೆ, ಮಧ್ಯೆ ಬಂದ ಪ್ರಶ್ನೆಗಳೂ ಇವೆ, ಅಲ್ಲಲ್ಲಿ ದಾರಿ ತಪ್ಪಿರೋದೂ ಇದೆ.

ಎಲ್ರಿಗೂ ನಮಸ್ಕಾರ. ನಾನು ವಕೀಲ ಅಲ್ಲ, ಆರ್‌ಟಿಓ ಆಫೀಸ್‌ನೋನೂ ಅಲ್ಲ. 14 ವರ್ಷ ಸಾಲ್ವೆಂಟ್ (ಬೇರೆ ವಸ್ತು ಕರಗ್ಸೋ ರಾಸಾಯನಿಕ ದ್ರವ) ಟ್ಯಾಂಕರ್ ಓಡ್ಸಿದೀನಿ, ಈಗ ಬೆನ್ನು ಕೈಕೊಟ್ಟಿದೆ, ಹಜಾರ್ಡಸ್ ಟ್ರೈನಿಂಗ್ ಕ್ಲಾಸಲ್ಲಿ ಪಾಠ ಹೇಳ್ತೀನಿ. ನಿಮ್ಮಲ್ಲಿ ಸುಮಾರು ಜನ ನನ್ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ನಿದ್ದೆ ಮಾಡಿದೋರೇ, ಮುಖ ಗುರುತಿದೆ.

ಮೊದ್ಲು ನನ್ ಕಥೆ ಹೇಳ್ಬಿಡ್ತೀನಿ. 2006ರಲ್ಲಿ ಚೆನ್ನೈ ಕಡೆಯಿಂದ ಲೋಡ್ ಮಾಡ್ಕೊಂಡು ಪಲಮನೇರ್ ಮೇಲೆ ಬರ್ತಾ ಇದೀನಿ, ಬೆಳಗಿನ ಜಾವ, ಆಂಧ್ರ ಗಡಿ ಹತ್ರದ ನಂಗ್ಲಿ ಚೆಕ್‌ಪೋಸ್ಟ್ ದಾಟಿ ಒಂದ್ ಟೀ ಕುಡಿಯೋಣ ಅನ್ನೋ ಅಷ್ಟ್ರಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್, ಆರ್‌ಟಿಓ ಕಡೆಯೋರು, ಕೈ ಅಡ್ಡ ಹಾಕಿದ್ರು. ಏನಪ್ಪಾ ಲೋಡು ಅಂದ್ರು. ಸಾಲ್ವೆಂಟ್ ಸಾರ್ ಅಂದೆ. ಯಾವ ಸಾಲ್ವೆಂಟು? ನಂಗೆ ಗೊತ್ತಿಲ್ಲ, ಬಿಲ್ ಕೊಟ್ಟೆ. ಬಿಲ್ಲಲ್ಲಿ ಮೆಥನಾಲ್ ಅಂತಿದೆ. ಅವ್ರು ಗಾಡಿ ಸುತ್ತ ಒಂದ್ ರೌಂಡ್ ಹಾಕಿ ಬಂದು, ಬೋರ್ಡಲ್ಲಿ 1294 ಅಂತಿದೆಯಲ್ಲೋ, ಅದು ಟಾಲ್ವಿನ್ (ಟಾಲ್ಯೂಯೀನ್) ನಂಬರು, ಮೆಥನಾಲ್‌ದು 1230 ಅಂದ್ರು. ಹಿಂದಿನ ಟ್ರಿಪ್ಪು ಟಾಲ್ವಿನ್, ಬೋರ್ಡ್ ಬದ್ಲಾಯ್ಸಿರ್ಲಿಲ್ಲ, ಅಷ್ಟೆ. ನಾನು ದೊಡ್ಡ ಜಾಣನ ಥರ "ಎರಡೂ ಬೆಂಕಿ ಹತ್ಕೊಳೋ ಸಾಮಾನೇ ಅಲ್ವಾ ಸಾರ್, ಬೆಂಕಿ ಚಿತ್ರ ಹಾಕಿದೀವಲ್ಲ" ಅಂದೆ. ಅದಕ್ಕವ್ರು, "ನಿಮ್ಮನೇಲಿ ಉಪ್ಪೂ ಬೆಳ್ಳಗಿದೆ ಸಕ್ರೇನೂ ಬೆಳ್ಳಗಿದೆ, ಕಾಫಿಗೆ ಯಾವ್ದ್ ಹಾಕ್ತಾಳಪ್ಪ ನಿಮ್ಮಮ್ಮ" ಅಂದ್ರು. ಕೇಸ್ ಬರೆದ್ರು.

ಆವತ್ತು ನಂಗೆ ಉರಿದುಹೋಗಿತ್ತು. ಒಂದ್ ನಂಬರಿಗೆ ಇಷ್ಟೆಲ್ಲಾನಾ ಅಂತ. ಮುಳಬಾಗಿಲು ಕೋರ್ಟಲ್ಲಿ ಬೆಳಗ್ಗೆಯಿಂದ ಸಾಯಂಕಾಲದ ತನಕ ನಿಂತಿದ್ದೆ, ದಂಡ ಕಟ್ಟಿದ್ದು ಓನರ್ರು, ಆದ್ರೆ ಮುಂದಿನ ಮೂರು ಟ್ರಿಪ್ ಬಾಟಾದಲ್ಲಿ (ದಿನದ ಭತ್ಯೆ) ಮುರ್ಕೊಂಡ್ರು. ಲೋಡ್ ಮಾಡಿದ ಕಂಪನಿಯೋರು ಫೋನೇ ಎತ್ಲಿಲ್ಲ. ಆ ನಂಬರ್ ಯಾಕೆ ಮುಖ್ಯ ಅಂತ ನಂಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ, ಒಬ್ರು ಫೈರ್ ಸರ್ವೀಸ್‌ನೋರು ಕ್ಲಾಸಲ್ಲಿ ಹೇಳಿದಾಗ. ಟಾಲ್ವಿನ್ ನೀರಲ್ಲಿ ಬೆರೆಯಲ್ಲ, ಮೇಲೆ ತೇಲುತ್ತೆ, ಅದಕ್ಕೆ ಮಾಮೂಲಿ ಫೋಮ್ (ಬೆಂಕಿ ಆರಿಸೋ ನೊರೆ) ಹೊಡೆದ್ರೆ ಬೆಂಕಿ ಮುಚ್ಕೊಳ್ಳುತ್ತೆ. ಮೆಥನಾಲ್ ನೀರಲ್ಲಿ ಪೂರ್ತಿ ಬೆರೆಯುತ್ತೆ, ಮಾಮೂಲಿ ಫೋಮನ್ನ ಅದೇ ತಿಂದಾಕ್ಬಿಡುತ್ತೆ, ಅದಕ್ಕೆ ಆಲ್ಕೋಹಾಲ್ ತಡೆಯೋ ಬೇರೆ ಫೋಮೇ ಬೇಕು. ಅದೂ ಅಲ್ದೆ ಮೆಥನಾಲ್ ಹಗಲೊತ್ತಲ್ಲಿ ಉರೀತಾ ಇದ್ರೆ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ. ಬೋರ್ಡಲ್ಲಿ ಯುಎನ್ ನಂಬರ್, ಅಂದ್ರೆ ಮಾಲಿನ ಆ ನಾಲ್ಕು ಅಂಕಿ, ಅದರ ಜೊತೆ ಹ್ಯಾಜ್‌ಕೆಮ್ ಕೋಡ್ ಅಂತ ಒಂದಿರುತ್ತಲ್ಲ, ಟಾಲ್ವಿನ್‌ಗೆ 3ವೈಇ, ಮೆಥನಾಲ್‌ಗೆ 2ಡಬ್ಲ್ಯೂಇ, ಅದರ ಶುರುವಲ್ಲೇ, 2ಕ್ಕಿಂತ ಮುಂಚೆ, ಒಂದು ಚುಕ್ಕೆ. ಆ ಚುಕ್ಕೆ ಅಂದ್ರೆ "ಬೇರೆ ಫೋಮ್ ತಗೊಂಬಾ" ಅಂತ. ನಾನು ಆ ಚುಕ್ಕೆನ ಪೇಂಟರ್ ಕೈಜಾರಿ ಬಿದ್ದಿರೋದು ಅನ್ಕೊಂಡಿದ್ದೆ ಕಣ್ರೀ!

ಈಗ ವಿಷಯಕ್ಕೆ ಬರ್ತೀನಿ. ಕೇಸ್ ಹಾಕ್ತಾರೆ ಕೇಸ್ ಹಾಕ್ತಾರೆ ಅಂತ ಎಲ್ರೂ ಪೊಲೀಸ್‌ನೋರ್ನ, ಆರ್‌ಟಿಓನ ಬೈತೀವಿ. ಬೈಬಾರ್ದು ಅಂತ ನಾನೇನೂ ಹೇಳ್ತಿಲ್ಲ, ಬೈಸ್ಕೊಳೋ ಥರ ನಡ್ಕೊಳೋರೂ ಇದಾರೆ. ಆದ್ರೆ ನಾನ್ ನೋಡಿರೋ ಹಜಾರ್ಡಸ್ ಕೇಸುಗಳಲ್ಲಿ ಬಹಳಷ್ಟು ಹೈವೇಲಿ ಹುಟ್ಟಿದ್ದಲ್ಲ. ಗಾಡಿ ಲೋಡ್ ಆಗಿ ಗೇಟ್ ದಾಟೋ ಹೊತ್ತಿಗೇ ಕೇಸು ಗಾಡಿ ಹತ್ತಿ ಕೂತಿರುತ್ತೆ, ಇನ್ಸ್‌ಪೆಕ್ಟರ್ರು ನರಸಾಪುರದ ಹತ್ರಾನೋ ಮುಳಬಾಗಿಲ ಹತ್ರಾನೋ ಅದನ್ನ ಇಳಿಸ್ಕೊಳ್ತಾರೆ ಅಷ್ಟೆ.

ಕಾನೂನು ಏನ್ ಹೇಳುತ್ತೆ ಕೇಳಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 190ರ 3ನೇ ಉಪವಿಭಾಗ, ಹಜಾರ್ಡಸ್ ಮಾಲಿನ ನಿಯಮ ಮೀರಿದ್ರೆ ಬೀಳೋದು ಇದೇ. 2019ರ ತಿದ್ದುಪಡಿ ಆದ್ಮೇಲೆ ಮೊದಲ್ನೇ ಸಲಕ್ಕೆ 10,000 ರೂಪಾಯಿ ದಂಡ ಮತ್ತೆ 3 ತಿಂಗಳು ಲೈಸೆನ್ಸ್ ಇಲ್ಲ, ಇಲ್ಲಾಂದ್ರೆ 1 ವರ್ಷದ ತನಕ ಜೈಲು, ಇಲ್ಲಾ ಎರಡೂ. ಎರಡನೇ ಸಲಕ್ಕೆ 20,000, ಇಲ್ಲಾ 3 ವರ್ಷದ ತನಕ ಜೈಲು, ಇಲ್ಲಾ ಎರಡೂ. ನನ್ ಕಾಲದಲ್ಲಿ ಮೊದಲ್ನೇ ಸಲಕ್ಕೆ 3,000 ತನಕ ಇತ್ತು. ದುಡ್ಡಿನ ಮಾತು ಬಿಡಿ, ಓನರ್ ಕಟ್ತಾರೋ ನೀವ್ ಕಟ್ತೀರೋ ಅದು ನಿಮ್ ನಿಮ್ಮಲ್ಲಿ. ಆ 3 ತಿಂಗಳಿದೆಯಲ್ಲ, ಅದನ್ನ ಓನರ್ ನಿಮ್ ಪರವಾಗಿ ಕಟ್ಟಕ್ಕಾಗಲ್ಲ. ಮೂರು ತಿಂಗಳು ಮನೇಲಿ ಕೂತ್ರೆ ಸ್ಕೂಲ್ ಫೀಸ್ ಯಾರ್ ಕಟ್ತಾರೆ, ಸಂಘದ ಕಂತು ಯಾರ್ ಕಟ್ತಾರೆ?

ಓನರ್‌ಗಳು ಮುಂದಿನ ಸಾಲಲ್ಲೇ ಕೂತಿದೀರ, ನಗ್ಬೇಡಿ. ಅದೇ ಸೆಕ್ಷನ್ನಲ್ಲಿ ಗಾಡಿ ಓಡಿಸಿದವರು, ಓಡಿಸೋ ಹಂಗೆ ಮಾಡಿದವರು, ಓಡಿಸಕ್ಕೆ ಬಿಟ್ಟವರು, ಮೂರೂ ಜನ ಬರ್ತಾರೆ. ಆದ್ರೆ ರೋಡಲ್ಲಿ ಕೈಗೆ ಸಿಗೋನು ಸ್ಟೀರಿಂಗ್ ಹಿಂದೆ ಕೂತಿರೋನು ಒಬ್ನೇ, ಅದಕ್ಕೆ ಅವನ ಹೆಸರು ಮೊದ್ಲು ಬರೀತಾರೆ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ. ಸೆಕ್ಷನ್ 200 ಅಂತ ಇದೆ, ಯಾವ ಯಾವ ಕೇಸನ್ನ ಕೋರ್ಟಿಗೆ ಹೋಗ್ದೆ ದಂಡ ಕಟ್ಟಿ ಮುಗಿಸ್ಬೋದು ಅಂತ ಅದ್ರಲ್ಲಿ ಪಟ್ಟಿ ಇದೆ. ಆ ಪಟ್ಟೀಲಿ 190ರ 2ನೇದು ಇದೆ, ಅಂದ್ರೆ ಹೊಗೆ, ಶಬ್ದ ಇತ್ಯಾದಿ. 3ನೇದು ಇಲ್ಲ. ಹಜಾರ್ಡಸ್ ಕೇಸು ರೋಡಲ್ಲಿ ಮುಗಿಯೋ ಕೇಸೇ ಅಲ್ಲ, ಅದು ಕೋರ್ಟಿಗೆ ಹೋಗ್ಲೇಬೇಕು. ಹಂಗಿದ್ದ ಮೇಲೆ ಯಾರಾದ್ರೂ "ಇಷ್ಟ್ ಕೊಡು, ಇಲ್ಲೇ ಮುಗ್ಸೋಣ" ಅಂದ್ರೆ ಅವರು ಏನನ್ನ ಮುಗಿಸ್ತಿದಾರೆ ಅಂತ ನೀವೇ ಲೆಕ್ಕ ಹಾಕ್ಕೊಳಿ. ಚಲನ್ ಬರೆದ್ರೆ ಯಾವ ಸೆಕ್ಷನ್ ಹಾಕಿದಾರೆ ಅಂತ ಓದಿ ಆಮೇಲೆ ಸೈನ್ ಹಾಕಿ. ಓವರ್‌ಲೋಡಿಗೆ ಬರೆದಿರೋದಾದ್ರೆ ಅದು 194, ಅದರ ಲೆಕ್ಕಾನೇ ಬೇರೆ, 20,000 ಮತ್ತೆ ಹೆಚ್ಚಾಗಿರೋ ಪ್ರತಿ ಟನ್ನಿಗೆ 2,000.

ಲೈಸೆನ್ಸ್ ತಗೊಂಡು ಇಟ್ಕೊಂಡ್ರೆ ರಸೀದಿ ಕೇಳಿ. ಸೆಕ್ಷನ್ 206ರ ಪ್ರಕಾರ ಕೊಡ್ಲೇಬೇಕು, ಲೈಸೆನ್ಸ್ ವಾಪಸ್ ಬರೋ ತನಕ, ಇಲ್ಲಾ ಅದ್ರಲ್ಲಿ ಬರೆದಿರೋ ತಾರೀಕಿನ ತನಕ ಆ ರಸೀದಿ ಮೇಲೆ ಗಾಡಿ ಓಡಿಸ್ಬೋದು. ಜಗಳ ಆಡ್ಬೇಡಿ, ಕೈಕಟ್ಟಿ ಬೇಡ್ಕೊಳಕ್ಕೂ ಹೋಗ್ಬೇಡಿ, "ಸಾರ್ ರಸೀದಿ ಕೊಡಿ" ಅಷ್ಟೇ.

ಇನ್ನು ಗೇಟ್ ವಿಚಾರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರ ತನಕ ನಮ್ಮದೇ ಕಥೆ. 131 ಮಾಲು ಕಳಿಸೋನಿಗೆ, 132 ಗಾಡಿ ಓನರಿಗೆ, 133 ಡ್ರೈವರಿಗೆ. ಮಾಲು ಕಳಿಸೋ ಕಂಪನಿ ಏನ್ ಮಾಡ್ಬೇಕು? ಗಾಡೀಲಿ ಫಸ್ಟ್ ಏಡ್, ಸೇಫ್ಟಿ ಸಾಮಾನು, ಬೇಕಾದ್ರೆ ವಿಷಕ್ಕೆ ಔಷಧಿ ಇದೆಯಾ ನೋಡ್ಬೇಕು, ಮಾಲಿನ ಬಗ್ಗೆ ಪೂರ್ತಿ ಮಾಹಿತಿ ಕೊಡ್ಬೇಕು, ಡ್ರೈವರಿಗೆ ಟ್ರೈನಿಂಗ್ ಆಗಿದೆಯಾ ನೋಡ್ಬೇಕು. ಇದು ನೀವು ಅವರ ಹತ್ರ ಬೇಡೋ ದಾನ ಅಲ್ಲ, ಅವರ ಡ್ಯೂಟಿ. ಗೇಟಲ್ಲಿ ಸೆಕ್ಯುರಿಟಿಯೋನು ಬಾಗಿಲು ತೆಗೆದು ಹೋಗಪ್ಪಾ ಹೋಗು ಅಂತ ಕೈ ಬೀಸ್ತಾನೆ, ಹಿಂದೆ ಗಾಡಿಗಳು ಹಾರನ್ ಹೊಡೀತಿರ್ತವೆ, ನಾವು ಹೊರಟ್ಬಿಡ್ತೀವಿ. ಅಲ್ಲಿ ಐದು ನಿಮಿಷ ನಿಂತ್ಕೊಳ್ರಪ್ಪ. ಹಾರನ್ ಹೊಡ್ಕೊಳ್ಲಿ.

ಆ ಐದು ನಿಮಿಷದಲ್ಲಿ ಇಳಿದು ಗಾಡಿ ಸುತ್ತ ಬನ್ನಿ. ಎಮರ್ಜೆನ್ಸಿ ಬೋರ್ಡು ಮೂರು ಕಡೆ ಇರ್ಬೇಕು, ಎರಡು ಪಕ್ಕ ಮತ್ತೆ ಹಿಂದೆ. ಮಾಲಿನ ಹೆಸರು 50 ಮಿಲಿಮೀಟರಿಗೆ ಕಮ್ಮಿ ಇಲ್ದಿರೋ ಅಕ್ಷರದಲ್ಲಿ, ಯುಎನ್ ನಂಬರ್ 100 ಮಿಲಿಮೀಟರ್, ಆ ವಜ್ರದಾಕಾರದ ಚಿತ್ರ 250 ಮಿಲಿಮೀಟರ್ ಚೌಕ. ಎಮರ್ಜೆನ್ಸಿಗೆ ಯಾರಿಗೆ ಫೋನ್ ಮಾಡ್ಬೇಕು, ಮಾಲು ಕಳಿಸಿದೋರ ಫೋನ್, ಅದೂ ಇರ್ಬೇಕು. ಇವತ್ತು ಲೋಡ್ ಆಗಿರೋ ಮಾಲೂ ಬೋರ್ಡಲ್ಲಿರೋ ಮಾಲೂ ಒಂದೇನಾ, ಬಿಲ್ ಹಿಡ್ಕೊಂಡು ನೋಡಿ. ಓದಕ್ಕೆ ಬರ್ದಿದ್ರೂ ನಾಲ್ಕು ಅಂಕಿ ಹೊಂದಿಸಿ ನೋಡಕ್ಕೆ ಬರುತ್ತಲ್ಲ. ಪೆಟ್ರೋಲ್ 1203, ಡೀಸೆಲ್ 1202, ಎಲ್‌ಪಿಜಿ ಗ್ಯಾಸ್ 1075. ದೇವನಗುಂದಿ ಡಿಪೋಯಿಂದ ನಮ್ ಕಡೆ ಬಂಕ್‌ಗಳಿಗೆ ಪೆಟ್ರೋಲ್ ಡೀಸೆಲ್ ತರೋರಿಗೆ ಇವು ಬಾಯಿಪಾಠ ಆಗಿರುತ್ತೆ, ತಕರಾರು ಬರೋದು ನಮ್ ಥರ ಟ್ರಿಪ್ಪಿಗೊಂದು ಮಾಲು ಬದಲಾಯಿಸೋರಿಗೆ.

ಆಮೇಲೆ ಟ್ರೆಮ್ ಕಾರ್ಡ್, ಅಂದ್ರೆ ಮಾಲು ಸೋರಿದ್ರೆ, ಬೆಂಕಿ ಹತ್ತಿದ್ರೆ ಏನ್ ಮಾಡ್ಬೇಕು ಅಂತ ಬರೆದಿರೋ ಕಾರ್ಡು. ಇದಕ್ಕೆ ಸಿಗಾಕ್ಕೊಂಡಷ್ಟು ಜನ ಇನ್ಯಾವ್ದಕ್ಕೂ ಸಿಗಾಕ್ಕೊಂಡಿಲ್ಲ. ಕಾರ್ಡ್ ಇರುತ್ತೆ, ಇಲ್ಲ ಅಂತಲ್ಲ. ಎಲ್ಲಿರುತ್ತೆ? ಹಿಂದಿನ ಸೀಟಿನ ಹಾಸಿಗೆ ಕೆಳಗೆ, ಪ್ಲಾಸ್ಟಿಕ್ ಕವರಲ್ಲಿ, ಇನ್ಶೂರೆನ್ಸ್ ಜೆರಾಕ್ಸ್, ಎಫ್‌ಸಿ, ಮಗಳ ಮದುವೆ ಪತ್ರಿಕೆ ಎಲ್ಲಾದ್ರ ಮಧ್ಯೆ. ಇನ್ನು ಕೆಲವರದ್ದು ಹಳೇ ಮಾಲಿನ ಕಾರ್ಡು. ನಿಯಮ 133 ಏನ್ ಹೇಳುತ್ತೆ ಅಂದ್ರೆ ಬರಹದಲ್ಲಿರೋ ಆ ಮಾಹಿತಿ ಡ್ರೈವರ್ ಕ್ಯಾಬಿನ್ನಲ್ಲೇ ಇರ್ಬೇಕು, ಆ ಮಾಲು ಗಾಡೀಲಿ ಇರೋ ತನಕ ಯಾವಾಗ ಕೇಳಿದ್ರೂ ಸಿಗ್ಬೇಕು. ಆರ್‌ಸಿ, ಲೈಸೆನ್ಸ್ ಎಲ್ಲಾ ಈಗ ಡಿಜಿಲಾಕರಲ್ಲಿ ತೋರ್ಸಿದ್ರೆ ನಡೆಯುತ್ತೆ, ಅದೇ ಅಭ್ಯಾಸದಲ್ಲಿ ಹುಡುಗರು ಟ್ರೆಮ್ ಕಾರ್ಡನ್ನೂ ವಾಟ್ಸಾಪಲ್ಲಿ ಫೋಟೋ ಇಟ್ಕೊಂಡಿರ್ತಾರೆ. ನೀವು ಬಿದ್ದು ಪ್ರಜ್ಞೆ ತಪ್ಪಿದ್ರೆ ನಿಮ್ ಫೋನ್ ಲಾಕ್ ಯಾರ್ ತೆಗೀತಾರೆ, ಗ್ರಾಮ ದೇವತೆನಾ?

ಅಮೆರಿಕದಲ್ಲಿ ಇದಕ್ಕೆ ಒಂದು ರೂಲ್ ಇದೆ, ನಂಗೆ ಬಹಳ ಇಷ್ಟ ಅದು. ಹಜಾರ್ಡಸ್ ಲೋಡಿನ ಪೇಪರ್ರು ಡ್ರೈವರ್ ಸೀಟ್ ಬೆಲ್ಟ್ ಹಾಕ್ಕೊಂಡೇ ಕೈ ಚಾಚಿದ್ರೆ ಸಿಗ್ಬೇಕು. ಅವನು ಗಾಡಿಯಿಂದ ಇಳಿದ್ರೆ ಆ ಪೇಪರ್ ಡ್ರೈವರ್ ಕಡೆ ಬಾಗಿಲಲ್ಲಿರೋ ಜೇಬಲ್ಲಿ ಇರ್ಬೇಕು, ಇಲ್ಲಾ ಸೀಟ್ ಮೇಲೆ ಇರ್ಬೇಕು. ಎಲ್ಲಾ ಗಾಡಿಗೂ ಒಂದೇ ಜಾಗ. ಯಾಕಂದ್ರೆ ಡ್ರೈವರ್ ಬಾಯ್ಬಿಡೋ ಸ್ಥಿತೀಲಿ ಇಲ್ದಿದ್ರೂ ಬಂದೋನಿಗೆ ಎಲ್ಲಿ ಕೈ ಹಾಕ್ಬೇಕು ಅಂತ ಗೊತ್ತಿರ್ಲಿ ಅಂತ. ಅಲ್ಲೂ ರೋಡಲ್ಲಿ ಗಾಡಿ ನಿಲ್ಸಿ ಚೆಕ್ ಮಾಡ್ತಾರೆ, ತೀರಾ ಕೆಟ್ಟಿದ್ರೆ ಅಲ್ಲೇ ನಿಲ್ಲಿಸ್ಬಿಡ್ತಾರೆ, ರಿಪೇರಿ ಆಗೋ ತನಕ ಚಕ್ರ ಉರುಳಂಗಿಲ್ಲ. ಚೆಕ್ ಮಾಡಿದ ರಿಪೋರ್ಟ್‌ನ ಡ್ರೈವರ್ 24 ಗಂಟೆ ಒಳಗೆ ಕಂಪನಿಗೆ ಮುಟ್ಟಿಸ್ಬೇಕು, ಕಂಪನಿಯೋರು ಎಲ್ಲಾ ಸರಿ ಮಾಡಿದೀವಿ ಅಂತ ಸೈನ್ ಹಾಕಿ 15 ದಿನದಲ್ಲಿ ವಾಪಸ್ ಕಳಿಸ್ಬೇಕು. ಅಂದ್ರೆ ತಪ್ಪು ಡ್ರೈವರ್ ಹತ್ರ ಸಿಕ್ಕಿದ್ರೂ ಉತ್ತರ ಕೊಡೋದು ಕಂಪನಿ. ನಮ್ಮಲ್ಲಿ ಚಲನ್ನು ಬಾಟಾದಲ್ಲಿ ಮುರ್ಕೊಂಡ್ರೆ ಆ ವಿಷಯ ಅಲ್ಲಿಗೇ ಮುಗೀತು, ಬೋರ್ಡು ಮಾತ್ರ ಹಂಗೇ ಇರುತ್ತೆ.

ಸರಿ, ಅಮೆರಿಕ ಬಿಡಿ, ಮಾಲೂರಿಗೆ ಬನ್ನಿ. ಲೈಸೆನ್ಸ್ ವಿಷಯ. ಇಲ್ಲಿ ಎಷ್ಟು ಜನ ಲೈಸೆನ್ಸ್ ಹಿಂದ್ಗಡೆ ತಿರುಗಿಸಿ ನೋಡಿದೀರ? ಈಗ ತೆಗೀರಿ, ನೋಡಿ. ಹೊಸ ಕಾರ್ಡಲ್ಲಿ ಹಜಾರ್ಡಸ್‌ಗೆ ಬೇರೆ ತಾರೀಕೇ ಪ್ರಿಂಟಾಗಿರುತ್ತೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸು 5 ವರ್ಷ, ಹಜಾರ್ಡಸ್ಸು 3 ವರ್ಷ. 2019ಕ್ಕೆ ಮುಂಚೆ ಒಂದೇ ವರ್ಷ ಇತ್ತು. ಲೈಸೆನ್ಸ್ 2028ರ ತನಕ ಇದೆ ಅಂತ ಮುಂದ್ಗಡೆ ನೋಡಿ ನೆಮ್ಮದಿಯಾಗಿರ್ತೀವಿ, ಹಿಂದ್ಗಡೆ ಹಜಾರ್ಡಸ್ಸು ಯಾವಾಗ್ಲೋ ಮುಗಿದಿರುತ್ತೆ. (ಇಲ್ಲಿ ಹಾಲಲ್ಲಿ ಎರಡು ನಿಮಿಷ ಗಲಾಟೆ. ನಾಲ್ಕು ಜನದ್ದು ಮುಗಿದಿತ್ತು. ಒಬ್ರು "ಅಯ್ಯೋ ನಾಳೆ ಟ್ರಿಪ್ಪಿದೆ" ಅಂದ್ರು.) ನಾಳೆ ಟ್ರಿಪ್ಪಿಗೆ ಹೋಗ್ಬೇಡಣ್ಣ. ಆಕ್ಸಿಡೆಂಟ್ ಆಗಿ ಲೈಸೆನ್ಸಲ್ಲಿ ಹಜಾರ್ಡಸ್ ಎಂಡಾರ್ಸ್‌ಮೆಂಟ್ (ಅನುಮತಿ) ಇಲ್ಲ ಅಂತ ಗೊತ್ತಾದ್ರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡ್ಕೊಳುತ್ತೆ. ಸತ್ತವರ ಮನೆಗೆ ದುಡ್ಡು ಕೊಡಿ ಅಂತ ಕೋರ್ಟ್ ಹೇಳಿದ್ರೂ, ಕೊಟ್ಟಿದ್ದನ್ನ ಓನರ್ ಹತ್ರ ವಸೂಲಿ ಮಾಡ್ಕೊಳಕ್ಕೆ ದಾರಿ ಇದೆ. ಓನರ್‌ಗಳೇ, ಈಗ ಯಾಕೆ ನಗು ನಿಂತೋಯ್ತು?

ಆಗ ಶ್ರೀನಿವಾಸಪುರ ಕಡೆಯ ಒಬ್ರು ಹಿರಿಯ ಡ್ರೈವರ್ರು ಎದ್ದು ಕೇಳಿದ್ರು: "ಸಾರ್, ನಂಗೆ ತೆಲುಗು ಮಾತಾಡಕ್ಕೆ ಬರುತ್ತೆ, ಕನ್ನಡ ಓದಕ್ಕೆ ಬರುತ್ತೆ, ಟ್ರೆಮ್ ಕಾರ್ಡ್ ಇಂಗ್ಲಿಷಲ್ಲಿ ಕೊಡ್ತಾರೆ, ನಾನೇನ್ ಮಾಡ್ಲಿ?" ಒಳ್ಳೇ ಪ್ರಶ್ನೆ. ನಿಯಮ 9ರ ಪ್ರಕಾರ ಹಜಾರ್ಡಸ್ ಡ್ರೈವರಿಗೆ ಒಂದು ಭಾರತೀಯ ಭಾಷೆ ಮತ್ತೆ ಇಂಗ್ಲಿಷು ಓದಿ ಬರೆಯಕ್ಕೆ ಬರ್ಬೇಕು. ರೂಲ್ ಹಂಗಿದೆ, ರೋಡ್ ಹಂಗಿಲ್ಲ, ಇದು ಆರ್‌ಟಿಓಗೂ ಗೊತ್ತು ನಂಗೂ ಗೊತ್ತು. ಮೂರು ದಿನದ ಟ್ರೈನಿಂಗಲ್ಲಿ ಕೊನೇ ದಿನ ಮಾಲಿನ ಬಗ್ಗೆ ಹೇಳ್ಕೊಡೋದು, ಆ ದಿನವೇ ಜಾಸ್ತಿ ಜನ ಸೈನ್ ಹಾಕಿ ಎದ್ದೋಗೋದು. ನಾನ್ ಹೇಳೋದಿಷ್ಟೆ, ಲೋಡಿಂಗ್ ಸೂಪರ್‌ವೈಸರ್ ಹತ್ರ ಮೂರೇ ಮೂರು ಪ್ರಶ್ನೆ ಕೇಳಿ: ಇದು ಸೋರಿದ್ರೆ ನಾನು ಎಷ್ಟು ದೂರ ಓಡ್ಬೇಕು, ನೀರು ಹಾಕ್ಬೋದಾ ಬೇಡ್ವಾ, ಮೈಮೇಲೆ ಬಿದ್ರೆ ಏನ್ ಮಾಡ್ಬೇಕು. ಕಾರ್ಡ್ ಹಿಂದ್ಗಡೆ ನಿಮ್ ಭಾಷೇಲಿ ಬರ್ಕೊಳಿ. ಅವನಿಗೆ ಉತ್ತರ ಗೊತ್ತಿಲ್ಲ ಅಂದ್ರೆ ಅದೂ ಒಂದು ಉತ್ತರಾನೇ, ಆ ಲೋಡ್ ಎತ್ತೋ ಮುಂಚೆ ಯೋಚ್ನೆ ಮಾಡಿ.

ಖಾಲಿ ಟ್ಯಾಂಕರ್ ಬಗ್ಗೆ ಒಂದ್ ಮಾತು. ಬಂಕಲ್ಲಿ ಅನ್‌ಲೋಡ್ ಮಾಡಿ ಆರಾಮಾಗಿ ಬೀಡಿ ಹಚ್ಚೋರ್ನ ನೋಡಿದೀನಿ. ಪೆಟ್ರೋಲ್ ಆವಿ ಗಾಳೀಲಿ ಸುಮಾರು 1.4ರಿಂದ 7.6 ಪರ್ಸೆಂಟ್ ಇದ್ದಾಗ ಹತ್ಕೊಳ್ಳುತ್ತೆ. ಟ್ಯಾಂಕ್ ತುಂಬಿದ್ದಾಗ ಒಳಗೆ ಆವಿ ಎಷ್ಟು ದಟ್ಟ ಅಂದ್ರೆ ಉರಿಯಕ್ಕೆ ಗಾಳಿ ಸಾಲಲ್ಲ. ಖಾಲಿ ಆದ್ಮೇಲೆ ಗಾಳಿ ಒಳಗೆ ಬರುತ್ತೆ, ಹತ್ಕೊಳಕ್ಕೆ ಅಳತೆ ಸರಿಹೋಗುತ್ತೆ. ವೆಲ್ಡಿಂಗ್ ಶಾಪಲ್ಲಿ ಟ್ಯಾಂಕ್ ಸಿಡಿಯೋದು ಇದಕ್ಕೇ. ಸ್ಪಾರ್ಕ್ ಅರೆಸ್ಟರ್ ಅಂತ ಕಿಡಿ ತಡೆಯಕ್ಕೆ ಸೈಲೆನ್ಸರಿಗೆ ಹಾಕಿರೋದು ಪಿಕಪ್ ಕಮ್ಮಿ ಆಗುತ್ತೆ ಅಂತ ಬಿಚ್ಚಿ ಇಟ್ಟಿರ್ತಾರಲ್ಲ, ನಿಯಮ 129ಎ ಅದಕ್ಕೇ ಇರೋದು, ಅದಿಲ್ದಿದ್ರೂ ಕೇಸು. ಸ್ಪೀಡಿಗೆ ನಿಯಮ 118, ಟ್ಯಾಂಕರ್‌ಗೆ ಸ್ಪೀಡ್ ಗವರ್ನರ್ 60ಕ್ಕೆ ಸೆಟ್ ಆಗಿರ್ಬೇಕು, ಬೇರೆ ಲಾರಿ ಥರ 80 ಅಲ್ಲ.

ಗ್ಯಾಸಿನದ್ದು ಇನ್ನೂ ಬೇರೆ. ಅದು ಗಾಳಿಗಿಂತ ಭಾರ, ಮೇಲಕ್ಕೆ ಹೋಗಲ್ಲ, ನೆಲ ಹಿಡ್ಕೊಂಡು ಚರಂಡಿ ಹಳ್ಳ ಹುಡುಕ್ಕೊಂಡು ಹೋಗುತ್ತೆ. 2024ರ ಡಿಸೆಂಬರ್‌ನಲ್ಲಿ ಜೈಪುರದ ಹತ್ರ ಹೈವೇಲಿ ಯೂ-ಟರ್ನ್ ತಗೋತಿದ್ದ ಗ್ಯಾಸ್ ಟ್ಯಾಂಕರಿಗೆ ಲಾರಿ ಗುದ್ದಿದ್ದು ನೀವೆಲ್ಲಾ ಮೊಬೈಲಲ್ಲಿ ನೋಡಿದೀರ. ಗ್ಯಾಸ್ ಸೋರಿ ಹತ್ಕೊಂಡಾಗ ಹಿಂದೆ ನಿಂತಿದ್ದ ಬಸ್ಸು ಕಾರಿನೋರಿಗೆ ಏನಾಗ್ತಿದೆ ಅಂತಾನೇ ಗೊತ್ತಾಗ್ಲಿಲ್ಲ.

ನಮ್ ಕಡೆ ಇನ್ನೊಂದು ಅಭ್ಯಾಸ ಇದೆ, ಇದಕ್ಕೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಟೊಮೆಟೊ ಇಳಿಸಿ ಖಾಲಿ ಬರ್ತಿರೋ ಪಿಕಪ್‌ನೋನು ರಿಟರ್ನ್ ಲೋಡ್ ಸಿಗ್ಲಿ ಅಂತ ಕೀಟನಾಶಕದ ಡ್ರಮ್ಮು, ಆಸಿಡ್ ಕ್ಯಾನು ಹಾಕ್ಕೊಳ್ತಾನೆ, ಅದರ ಮೇಲೇನೇ ಅಂಗಡಿಗೆ ಅಕ್ಕಿ ಮೂಟೆ. ಬೋರ್ಡಿಲ್ಲ, ಕಾರ್ಡಿಲ್ಲ, ಲೈಸೆನ್ಸಲ್ಲಿ ಹಜಾರ್ಡಸ್ ಇಲ್ಲ. ಕೇಳಿದ್ರೆ "ನಂದು ಚಿಕ್ಕ ಗಾಡಿ ಸಾರ್" ಅಂತಾನೆ. ಡ್ರಮ್ ಸೋರಿ ಅಕ್ಕಿಗೆ ಇಳಿದ್ರೆ ವಿಷಕ್ಕೆ ಗಾಡಿ ಚಿಕ್ಕದೋ ದೊಡ್ಡದೋ ಗೊತ್ತಾಗುತ್ತಾ? ವಿಷ ನಮ್ ಜಿಲ್ಲೆಗೆ ಹೊಸದಲ್ಲ, ಗಣಿ ಮುಚ್ಚಿ 2001ಕ್ಕೇ ಆಯ್ತು, ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ, ಗಾಳಿ ಬೀಸಿದ್ರೆ ಆ ಧೂಳು ಯಾರ ಮನೆಗೆ ಬರುತ್ತೆ ಅಂತ ಅಲ್ಲಿಯೋರ್ನ ಕೇಳಿ.

ಚೆಕಿಂಗ್ ಭಯಕ್ಕೆ ಸಾಮಾನು ಬಚ್ಚಿಡೋದು ಅಂತೂ ಬೇಡ್ವೇ ಬೇಡ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು, ಲಾರೀಲಿದ್ದ ಸ್ಫೋಟಕ ಸಿಡೀತು. ಒಂದ್ ತಿಂಗಳು ಕಳೀತು, ಫೆಬ್ರವರಿ 23ಕ್ಕೆ ಪಕ್ಕದ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಅಲ್ಲಿ ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನ ರಾತ್ರೋರಾತ್ರಿ ಸಾಗಿಸಿ ಬಿಸಾಕಕ್ಕೆ ಹೋಗಿ 6 ಜನ ಸತ್ರು. ಹಿಡಿದಿದ್ರೆ ಒಂದು ಕೇಸು, ಜೈಲು, ಅಷ್ಟೆ ಆಗಿರೋದು.

ಪಾರ್ಕಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಡಾಬಾ ತಂದೂರಿ ಒಲೆ ಪಕ್ಕ ನಿಲ್ಲಿಸ್ಬೇಡಿ, ಗಾಡಿ ಹತ್ರ ಯಾರಾದ್ರೂ ಒಬ್ರು ಇರ್ಬೇಕು, ಕ್ಲೀನರ್ ಇದಾನೆ ಅಂದ್ರೆ ಅವನಿಗೆ 18 ದಾಟಿರ್ಬೇಕು ಮತ್ತೆ ಕೆಲಸ ಗೊತ್ತಿರ್ಬೇಕು. ಆಕ್ಸಿಡೆಂಟ್ ಆದ್ರೆ ನಿಯಮ 136, ಹತ್ತಿರದ ಪೊಲೀಸ್ ಸ್ಟೇಷನ್‌ಗೆ ತಿಳಿಸ್ಬೇಕು, ಓಡಿಹೋಗೋ ಹಂಗಿಲ್ಲ. ಜನ ಹೊಡೀತಾರೆ ಅನ್ನೋ ಭಯ ನಂಗೂ ಗೊತ್ತು, ದೂರ ಹೋಗಿ ನಿಂತ್ಕೊಂಡಾದ್ರೂ 112ಕ್ಕೆ ಫೋನ್ ಮಾಡಿ ಆ ನಾಲ್ಕು ಅಂಕಿ ಹೇಳಿ.

ಮಾತು ಮುಗಿದ್ಮೇಲೆ ಊಟಕ್ಕೆ ಕೂತಿದ್ವಿ, ಮುದ್ದೆ ಬಸ್ಸಾರು. ಆ ಶ್ರೀನಿವಾಸಪುರದ ಅಣ್ಣ ಕಾಣ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಹೊರಗಡೆಯಿಂದ ಬಂದ್ರು, ಕೈಯಲ್ಲಿ ಫೋನು. "ಸಾರ್, ನನ್ ಗಾಡಿ ಬೋರ್ಡಲ್ಲಿರೋ ಎಮರ್ಜೆನ್ಸಿ ನಂಬರಿಗೆ ಈಗ ಮಾಡ್ದೆ" ಅಂದ್ರು. ಏನಂದ್ರು ಅಂದೆ. "ಯಾರೋ ಹೆಂಗಸು ಎತ್ತಿದ್ರು ಸಾರ್, ಇದು ಆಂಧ್ರದಲ್ಲಿ ಒಂದು ಮನೆ ನಂಬರಂತೆ, ತಿಂಗಳಿಗೊಬ್ರು ಹಿಂಗೇ ಫೋನ್ ಮಾಡ್ತಾರಂತೆ." ಅವರ ಓನರ್ರು ನನ್ ಪಕ್ಕದ ಎಲೇಲೇ ಊಟ ಮಾಡ್ತಿದ್ರು, ತಲೆ ಎತ್ತದೆ ಇನ್ನೊಂದ್ ಸೌಟು ಸಾರು ಹಾಕಿಸ್ಕೊಂಡ್ರು.